ತುದಿಗೆ ತುದಿ ತಾಗಿಸದೆ

ಪ್ಲೈವುಡ್ ಹಾಳೆಯ ಉದ್ದ ಎಂಟಡಿ, ಮಿಲಿಮೀಟರ್ ಲೆಕ್ಕದಲ್ಲಿ 2440. ಟ್ರ್ಯಾಕ್ ಸಾ ಎಂಬ ಗರಗಸದ ಜೊತೆಗೆ ಸಾಮಾನ್ಯವಾಗಿ ಸಿಗುವ ಅಲ್ಯೂಮಿನಿಯಂ ಹಳಿಯ ಉದ್ದ 1400. ಈ ಎರಡು ಅಂಕಿಗಳಿಗೆ ಹೊಂದಾಣಿಕೆಯಿಲ್ಲ ಎಂಬುದೇ ನನ್ನ ಪಾಲಿನ ಭಾಗ್ಯ. ಹೊಂದಿದ್ದರೆ ಎರಡು ಹಳಿಗಳನ್ನು ಕೂಡಿಸಿ ಒಂದು ಮಾಡುವ ಕೆಲಸವೇ ಇರುತ್ತಿರಲಿಲ್ಲ. ಅದನ್ನು ಬಾಗಿಲಿಗೊರಗಿ ನಿಂತು ನೋಡುವ ಸುಖವೂ ಇರುತ್ತಿರಲಿಲ್ಲ.

ಚೆನ್ನೈನ ಪುರಸೈವಾಕ್ಕಂ ಹೈರೋಡನ್ನು ಕಂಡವರಿಗೆ ಸರಳರೇಖೆಗೂ ಈ ಊರಿಗೂ ಸಂಬಂಧವಿದೆ ಎಂದರೆ ನಗು ಬಂದೀತು. ಪಾತ್ರೆಯಂಗಡಿ, ಸೀರೆಯಂಗಡಿ, ಒಡವೆಯಂಗಡಿ. ಅವುಗಳ ಮುಂದೆ ಕೈಗಾಡಿ, ಕೈಗಾಡಿಯ ಮುಂದೆ ಚೌಕಾಸಿಯ ಜನ. ಗಂಗಾಧರೇಶ್ವರ ದೇವಸ್ಥಾನದ ಕಡೆಗೆ ಹೊರಟರೆ ಹತ್ತು ಹೆಜ್ಜೆ ನೆಟ್ಟಗೆ ಇಡಲಾಗದು. ಈ ಗದ್ದಲದ ಬೆನ್ನಿಗೇ ಗಲ್ಲಿಗಳು, ಗಲ್ಲಿಗಳಲ್ಲಿ ಮೂರು ನಾಲ್ಕು ಮಹಡಿಯ ಹಳೆಯ ಫ್ಲ್ಯಾಟುಗಳು. ಯಾವುದಾದರೂ ಒಂದು ಮನೆಯಲ್ಲಿ ಸದಾ ವಾರ್ಡ್‌ರೋಬ್ ಏಳುತ್ತಿರುತ್ತದೆ. ಪ್ಲೈವುಡ್ ಹಾಳೆಗಳು ಮೀನ್‌ಬಾಡಿ ಎಂಬ ಸಾಮಾನು ಬಂಡಿಯಲ್ಲಿ ಬಂದಿಳಿಯುತ್ತವೆ. ಲಿಫ್ಟ್ ಇದ್ದರೂ ಎಂಟಡಿಯ ಹಾಳೆ ಅದರೊಳಗೆ ಹಿಡಿಸುವುದಿಲ್ಲ. ಇಬ್ಬರು ಹೊತ್ತು, ಮೆಟ್ಟಿಲಿನ ತಿರುವಿನಲ್ಲಿ ಓರೆ ಮಾಡಿ, ಗೋಡೆಯ ಸುಣ್ಣ ಕೆರೆದುಕೊಂಡೇ ಮೇಲೆ ಸಾಗಿಸಬೇಕು.

ಉದ್ದದ ಕೊಯ್ತಕ್ಕೆ ಮರದ ಕಾರ್ಖಾನೆಗಳಲ್ಲಿ ಬೇರೆ ಯಂತ್ರವಿದೆ. ಹಲಗೆಯನ್ನು ಮೇಜಿನ ಸಮೇತ ಗರಗಸದ ಕಡೆಗೆ ಜಾರಿಸುವ ಸ್ಲೈಡಿಂಗ್ ಟೇಬಲ್ ಸಾ. ಜರ್ಮನಿಯ ವಿಲ್‌ಹೆಲ್ಮ್ ಆಲ್ಟೆನ್‌ಡಾರ್ಫ್ 1906ರಲ್ಲಿ ಅದಕ್ಕೆ ರೂಪ ಕೊಟ್ಟ. ಅದನ್ನು ನಿಲ್ಲಿಸಿ ಹಲಗೆಯನ್ನು ಹಿಂದೆ ಮುಂದೆ ಆಡಿಸಲು ಒಂದು ಸಣ್ಣ ಕಲ್ಯಾಣ ಮಂಟಪದಷ್ಟಾದರೂ ಜಾಗ ಬೇಕು. ಮೂರನೇ ಮಹಡಿಯ ಹಾಲ್‌ನಲ್ಲಿ, ಅರ್ಧಕ್ಕೆ ಹಳೇ ಸೋಫಾ ತುಂಬಿಕೊಂಡಿರುವಾಗ, ಆ ಮಾತೇ ಇಲ್ಲ. ಇಲ್ಲಿ ಹಲಗೆ ಮಲಗಿರುತ್ತದೆ, ಗರಗಸವೇ ಅದರ ಮೇಲೆ ನಡೆಯಬೇಕು. ನಡೆಯುವುದಕ್ಕೆ ದಾರಿ ಹಾಸುವುದು ಹಳಿ. 1960ರ ದಶಕದಲ್ಲಿ ಫೆಸ್ಟೋ ಎಂಬ ಜರ್ಮನ್ ಕಂಪನಿ ತಂದ ಯೋಚನೆ ಇದು. ಅದರ ಉಪಕರಣಗಳು ಇವತ್ತು ಫೆಸ್ಟೂಲ್ ಹೆಸರಿನಲ್ಲಿ ಬರುತ್ತವೆ. ಮಕೀಟಾ, ಬಾಷ್ ಮೊದಲಾದವರೂ ತಮ್ಮ ತಮ್ಮ ಹಳಿ ಮಾಡಿದ್ದಾರೆ.

ಹಳಿಯನ್ನು ಕೈಯಲ್ಲಿ ಹಿಡಿದು ನೋಡಬೇಕು. ಅಗಲ ಹದಿನೆಂಟು ಸೆಂಟಿಮೀಟರಿನ ಆಸುಪಾಸು, ಕಾಣುವಷ್ಟು ತೂಕವಿಲ್ಲ. ಮೇಲ್ಮೈಯಲ್ಲಿ ಉದ್ದಕ್ಕೂ ಎದ್ದ ಒಂದು ದಿಂಡು. ಗರಗಸದ ತಳದಲ್ಲಿರುವ ಗಾಡಿ, ಅಂದರೆ ತೋಡು, ಅದರ ಮೇಲೆ ಕೂರುತ್ತದೆ. ಆಚೀಚೆ ಜಾರಲೆಂದೇ ಅಂಟಿಸಿದ ನುಣುಪು ಪಟ್ಟಿ. ತಿರುಗಿಸಿದರೆ ತಳದಲ್ಲಿ ಫೋಮಿನ ಎರಡು ಪಟ್ಟಿ. ಇವು ಎಷ್ಟು ಹಿಡಿಯುತ್ತವೆ ಎಂದರೆ ಲ್ಯಾಮಿನೇಟಿನ ಮೇಲೆ ಇಟ್ಟು ಬಿಟ್ಟರೆ ಕ್ಲಾಂಪಿಲ್ಲದೆಯೂ ಹಳಿ ಕದಲುವುದಿಲ್ಲ. ಮೇಲೆ ಜಾರುವುದೇ ಧರ್ಮ, ಕೆಳಗೆ ಜಾರದಿರುವುದೇ ಧರ್ಮ. ಇನ್ನು ಒಂದು ಅಂಚಿಗೆ ರಬ್ಬರಿನ ತೆಳು ತುಟಿ. ಹೊಸ ಹಳಿಯಲ್ಲಿ ಅದು ಬೇಕೆಂದೇ ಸ್ವಲ್ಪ ಹೊರಚಾಚಿರುತ್ತದೆ. ಮೊದಲ ಸಲ ಗರಗಸ ಓಡಿದಾಗ ಬ್ಲೇಡು ಆ ತುಟಿಯನ್ನೇ ಕತ್ತರಿಸುತ್ತದೆ. ಅಲ್ಲಿಂದಾಚೆಗೆ ತುಟಿಯ ಅಂಚು ಎಲ್ಲಿದೆಯೋ ಕೊಯ್ತ ಅಲ್ಲೇ. ಪೆನ್ಸಿಲ್ ಗುರುತಿಗೆ ತುಟಿ ತಾಗಿಸಿದರೆ ಮುಗಿಯಿತು, ಬ್ಲೇಡಿನ ದಪ್ಪ ಕಳೆಯುವ ಕೂಡುವ ರಗಳೆಯಿಲ್ಲ. ವೃತ್ತಾಕಾರದ ಬ್ಲೇಡು ಮರದೊಳಗಿಂದ ಮೇಲಕ್ಕೆ ಹಲ್ಲೆತ್ತುವಾಗ ನಾರು ಸಿಬಿರೇಳುತ್ತದಲ್ಲ, ಅದನ್ನು ಅದುಮಿ ಹಿಡಿಯುವುದೂ ಈ ತುಟಿಯೇ. ಗರಗಸ ತನಗೆ ಬೇಕಾದ ಗೆರೆಯನ್ನು ತಾನೇ ಒಮ್ಮೆ ಕೊಯ್ದುಕೊಂಡು ಆಮೇಲೆ ಜೀವಮಾನವಿಡೀ ಅದಕ್ಕೆ ಬದ್ಧವಾಗಿರುವ ಈ ಏರ್ಪಾಡನ್ನು ಯಾರು ಮೊದಲು ಯೋಚಿಸಿದರೋ, ಅವರಿಗೊಂದು ಫಿಲ್ಟರ್ ಕಾಫಿ ಕೊಡಿಸಬೇಕು.

ಈಗ ಕೂಡಿಸುವ ಮಾತು. ಹಳಿಯ ತಳದಲ್ಲೂ ಉದ್ದಕ್ಕೆ ಒಂದು ತೋಡು ಇರುತ್ತದೆ. ಅದರೊಳಗೆ ಚಪ್ಪಟೆ ಲೋಹದ ಪಟ್ಟಿಯೊಂದನ್ನು ಅರ್ಧ ಈ ಹಳಿಗೆ, ಅರ್ಧ ಆ ಹಳಿಗೆ ಬರುವಂತೆ ತೂರಿಸುತ್ತಾರೆ. ಪಟ್ಟಿಯಲ್ಲಿ ತಲೆಯಿಲ್ಲದ ಪುಟ್ಟ ಸ್ಕ್ರೂಗಳು. ಅಲೆನ್ ಕೀಯಿಂದ ತಿರುಗಿಸಿದರೆ ಪಟ್ಟಿ ತೋಡಿನ ಗೋಡೆಗೆ ಒತ್ತಿ ಬಿಗಿಯುತ್ತದೆ. ಹೊಸಬರಾದರೆ ಎರಡೂ ತುದಿಗಳನ್ನು ಢಿಕ್ಕಿ ಹೊಡೆಸಿ, ನಡುವೆ ಕೂದಲೂ ತೂರದಂತೆ ಒತ್ತಿ, ಸ್ಕ್ರೂ ಬಿಗಿದು ಸಮಾಧಾನಪಡುತ್ತಾರೆ. ಕಣ್ಣಿಗೆ ಅದೇ ಅಚ್ಚುಕಟ್ಟು. ನಾನು ನೋಡುತ್ತಿದ್ದ ಮಿಸ್ತ್ರಿ ರಾಜಸ್ಥಾನದಿಂದ ಬಂದು ಇಲ್ಲಿ ನೆಲೆಸಿದವರು, ತಮಿಳನ್ನು ನನಗಿಂತ ಚೆನ್ನಾಗಿ ಆಡುವವರು. ಅವರು ಮಾಡಿದ್ದು ಬೇರೆ. ತುದಿಗಳನ್ನು ಹತ್ತಿರ ತಂದರು, ತಾಗಿಸಲಿಲ್ಲ. ನಡುವೆ ಸುಮಾರು ಒಂದು ಮಿಲಿಮೀಟರ್ ಬೆಳಕು ಬಿಟ್ಟರು.

ಏಕೆಂದರೆ ತುದಿಯನ್ನು ನಂಬುವ ಹಾಗಿಲ್ಲ. ಹಳಿಯ ಹುಟ್ಟನ್ನು ನೆನೆದರೆ ಇದು ತಿಳಿಯುತ್ತದೆ. ಬಿಸಿ ಅಲ್ಯೂಮಿನಿಯಂ ಅಚ್ಚಿನ ಬಾಯಿಂದ ಉದ್ದಕ್ಕೆ ಹೊರಬರುತ್ತದೆ. ಬಂದಮೇಲೆ ಎರಡು ಕೊನೆಯನ್ನೂ ಹಿಡಿದು ಎಳೆದು ನೆಟ್ಟಗೆ ಮಾಡುತ್ತಾರೆ. ಉದ್ದದ ನೇರ ಎಂಬುದು ಹೀಗೆ ಎಳೆತದಿಂದ ಬಂದ ಗುಣ. ತುದಿಯ ಕಥೆಯೇ ಬೇರೆ, ಅದು ಆಮೇಲೆ ಬೇಕಾದ ಅಳತೆಗೆ ಕತ್ತರಿಸಿದ ಜಾಗ. ಕತ್ತರಿಸುವಾಗ ಮೂಲೆಮಟ್ಟಕ್ಕೆ ಕಿಂಚಿತ್ತು ತಪ್ಪಿರಬಹುದು. ಹದಿನೆಂಟು ಸೆಂಟಿಮೀಟರ್ ಅಗಲದಲ್ಲಿ ಹತ್ತನೇ ಒಂದು ಮಿಲಿಮೀಟರ್ ಓರೆ ಇದೆ ಎನ್ನೋಣ. ಕಣ್ಣಿಗೂ ಕಾಣದು, ಉಗುರಿಗೂ ಸಿಗದು. ಆ ತುದಿಗೆ ಇನ್ನೊಂದು ಹಳಿಯನ್ನು ಒತ್ತಿ ಕೂಡಿಸಿದರೆ, 1400 ಮಿಲಿಮೀಟರ್ ಆಚೆಯ ಕೊನೆಯಲ್ಲಿ ಗೆರೆ 0.78 ಮಿಲಿಮೀಟರ್ ಪಕ್ಕಕ್ಕೆ ಸರಿದಿರುತ್ತದೆ. ಬಡಗಿಗಳ ಲೆಕ್ಕದಲ್ಲಿ ಇಂಚಿನ ಎಂಟನೇ ಒಂದು ಭಾಗ ಒಂದು ನೂಲು. ಇದು ಹತ್ತಿರ ಹತ್ತಿರ ಕಾಲು ನೂಲು. ಅಂಥ ಗೆರೆಯಲ್ಲಿ ಕೊಯ್ದ ಎರಡು ಹಲಗೆಗಳನ್ನು ಒಂದನ್ನು ಮಗುಚಿ ಅಂಚಿಗೆ ಅಂಚು ನಿಲ್ಲಿಸಿದರೆ ನಡುವಿನಿಂದ ಕಿಟಕಿಯ ಬೆಳಕು ಹಾದುಬರುತ್ತದೆ. ವಾರ್ಡ್‌ರೋಬಿನ ಒಳಗಿರುವ ಸೀರೆಗೇನೂ ಆಗದು, ಆದರೆ ಮನೆಯ ಹಿರಿಯರೊಬ್ಬರು ಮಂಚದ ಮೇಲಿಂದ ದಿನಾ ಅದನ್ನೇ ನೋಡುತ್ತಿರುತ್ತಾರೆ.

ತುದಿಯನ್ನು ಬಿಟ್ಟರೆ ನಂಬುವುದು ಯಾವುದನ್ನು? ಪಕ್ಕವನ್ನು. ಮಿಸ್ತ್ರಿ ಆರಡಿ ರಸಮಟ್ಟವನ್ನು ತಂದು ಎರಡೂ ಹಳಿಗಳ ಹಿಂಬದಿಯ ಅಂಚಿಗೆ ಒತ್ತಿ ಇಟ್ಟರು. ರಸದ ಗುಳ್ಳೆಗೆ ಇಲ್ಲಿ ಕೆಲಸವಿಲ್ಲ, ಅದರ ನೇರ ಮೈಯಷ್ಟೇ ಬೇಕು. ಈ ಹಳಿಯ ಮೇಲೆ ಮೂರಡಿ, ಆ ಹಳಿಯ ಮೇಲೆ ಮೂರಡಿ. ಆಮೇಲೆ ಸ್ಕ್ರೂ. ಮೊದಲನೆಯದನ್ನು ಬಿಗಿ ಮಾಡಿ ಎರಡನೆಯದಕ್ಕೆ ಹೋಗುವುದಲ್ಲ. ಈ ಕಡೆಯದಕ್ಕೆ ಕಾಲು ಸುತ್ತು, ಆ ಕಡೆಯದಕ್ಕೆ ಕಾಲು ಸುತ್ತು, ಮತ್ತೆ ರಸಮಟ್ಟಕ್ಕೆ ಬೆನ್ನು ತಾಗಿದೆಯೇ ಎಂದು ಬಗ್ಗಿ ನೋಡುವುದು, ಮತ್ತೆ ಕಾಲು ಸುತ್ತು. ಸ್ಕ್ರೂಗೆ ಅತಿ ಬಲ ಹಾಕಿದರೆ ಅದು ಮೆತ್ತನೆಯ ಅಲ್ಯೂಮಿನಿಯಮ್ಮನ್ನು ಉಬ್ಬಿಸಿ, ಆಗಷ್ಟೇ ನೇರವಾಗಿದ್ದನ್ನು ತಾನೇ ಬಾಗಿಸುತ್ತದೆ. ಹಾಗಾಗಿ ಅಲೆನ್ ಕೀಯ ಉದ್ದ ತೋಳು ಹಿಡಿಯದೆ ಗಿಡ್ಡ ತೋಳನ್ನು ಎರಡು ಬೆರಳಲ್ಲಿ ಹಿಡಿದು ತಿರುಗಿಸುತ್ತಿದ್ದರು. ಕೈಗೆ ಬಲ ಸಿಗದಂತೆ ತಾನೇ ಕಟ್ಟಿಕೊಳ್ಳುವುದು! ಕೊನೆಗೆ ಒಂದು ಕಣ್ಣು ಮುಚ್ಚಿ, ಕೆನ್ನೆಯನ್ನು ಹಲಗೆಗೆ ತಾಗಿಸಿ, ತುಟಿಯ ಅಂಚಿನ ಉದ್ದಕ್ಕೂ ನೋಟ ಹಾಯಿಸಿದರು. ಸೆಟೆದ ದಾರವನ್ನೂ ಒಮ್ಮೆ ಹಿಡಿದು ನೋಡಿದರು. ಇಷ್ಟಕ್ಕೂ ಹಳಿ ಬರುವ ಮೊದಲು ಬಣ್ಣದಲ್ಲದ್ದಿದ ದಾರವನ್ನು ಮೀಟಿ ಗೆರೆ ಹೊಡೆದೇ ಉದ್ದದ ಕೊಯ್ತ ನಡೆಯುತ್ತಿತ್ತಲ್ಲ.

ತುಂಡುಗಳನ್ನು ಸಾಲಾಗಿ ಕೂಡಿಸಿ ಉದ್ದದ ನೇರ ಪಡೆಯುವ ಸಾಹಸಕ್ಕೆ ಮದ್ರಾಸಿನಲ್ಲೇ ದೊಡ್ಡ ಪೂರ್ವಿಕರೊಬ್ಬರಿದ್ದಾರೆ. 1802ರ ಏಪ್ರಿಲಿನಲ್ಲಿ ವಿಲಿಯಂ ಲ್ಯಾಂಬ್ಟನ್ ಸೇಂಟ್ ಥಾಮಸ್ ಮೌಂಟಿನ ಬಳಿ ಏಳೂವರೆ ಮೈಲಿಯ ಒಂದು ಗೆರೆ ಅಳೆಯಲು ಶುರುಮಾಡಿದರು. ಇಡೀ ಭಾರತದ ತ್ರಿಕೋನ ಮಾಪನಕ್ಕೆ ಅದೇ ಆಧಾರರೇಖೆ. ಕೈಯಲ್ಲಿದ್ದದ್ದು ನೂರಡಿಯ ಉಕ್ಕಿನ ಸರಪಳಿ. ಎರಡೂವರೆ ಅಡಿಯ ನಲವತ್ತು ಸರಳುಗಳ ಜೋಡಣೆ. ಚೀನಾ ಚಕ್ರವರ್ತಿಗೆ ಉಡುಗೊರೆಯಾಗಿ ಹೋಗಿ, ಅಲ್ಲಿ ಬೇಡವೆನಿಸಿಕೊಂಡು ಹಿಂದೆ ಬಂದ ಸಾಮಾನುಗಳ ಜೊತೆಗಿದ್ದದ್ದು ಅದು. ನೆಲದ ಮೇಲೆ ಬಿಟ್ಟರೆ ಸರಪಳಿ ನೆಟ್ಟಗಿರುವುದಿಲ್ಲವೆಂದು ಇಪ್ಪತ್ತಡಿಯ ಐದು ಮರದ ದೋಣಿಪೆಟ್ಟಿಗೆಗಳನ್ನು ಮುಕ್ಕಾಲಿಗಳ ಮೇಲೆ ಸಾಲಾಗಿ ಕೂಡಿಸಿ, ಸ್ಕ್ರೂ ತಿರುಗಿಸಿ ಒಂದೇ ಮಟ್ಟಕ್ಕೆ ತಂದು, ಅದರೊಳಗೆ ಸರಪಳಿ ಮಲಗಿಸುತ್ತಿದ್ದರು. ಹಾಗೆ ಸುಮಾರು 400 ಸಲ. ಪ್ರತಿಸಲವೂ ಥರ್ಮಾಮೀಟರ್ ನೋಡುವುದು, ಏಕೆಂದರೆ ಮದ್ರಾಸಿನ ಬಿಸಿಲಿಗೆ ಉಕ್ಕೂ ಹಿಗ್ಗುತ್ತದೆ. ಅಲ್ಲಿಂದ ತ್ರಿಕೋನಗಳ ಮೇಲೆ ತ್ರಿಕೋನ ಹೆಣೆಯುತ್ತಾ ನಮ್ಮ ಬೆಂಗಳೂರಿಗೆ ಬಂದು, 1804ರಲ್ಲಿ ಅಲ್ಲಿ ಅಳೆದ ಇನ್ನೊಂದು ಆಧಾರರೇಖೆಯ ಜೊತೆ ತಾಳೆ ನೋಡಿದಾಗ, ಲೆಕ್ಕಕ್ಕೂ ನೆಲದ ಅಳತೆಗೂ ಬಂದ ಅಂತರ ನಾಲ್ಕು ಇಂಚಿಗೂ ಕಡಿಮೆ. ಮಿಸ್ತ್ರಿಗೆ ಈ ಕಥೆ ಹೇಳಿದೆ. ಪೂರ್ತಿ ಕೇಳಿಸಿಕೊಂಡು, “ನಾಲ್ಕು ಇಂಚು ಅಂದ್ರೆ ಜಾಸ್ತೀನೇ ಸಾರ್” ಅಂದರು. ಮೈಲಿಗಳ ಲೆಕ್ಕ ಅವರಿಗೆ ನಾಟಲಿಲ್ಲ, ಶಾಖದ ಮಾತು ನಾಟಿತು. ಅಲ್ಯೂಮಿನಿಯಂ ಉಕ್ಕಿನ ಹತ್ತಿರ ಹತ್ತಿರ ಎರಡರಷ್ಟು ಹಿಗ್ಗುವ ಲೋಹ. ಸಮನಾಗಿ ಹಿಗ್ಗಿದರೆ ನೇರಕ್ಕೆ ಭಂಗವಿಲ್ಲ. ಒಂದು ಅಂಚಿಗೆ ಬಿಸಿಲು, ಇನ್ನೊಂದಕ್ಕೆ ನೆರಳು ಬಿದ್ದರೆ ಹಳಿ ಬಾಗಲು ನೋಡುತ್ತದೆ. ಬಾಲ್ಕನಿಯ ಬಿಸಿಲು ಹಾಲ್‌ಗೆ ಬರುವ ಹೊತ್ತಿಗೆ ಅವರು ಹಳೇ ಬೆಡ್‌ಶೀಟನ್ನು ಕಿಟಕಿಗೆ ಕಟ್ಟುತ್ತಿದ್ದದ್ದು ಧೂಳಿಗೆಂದು ನಾನು ತಿಳಿದಿದ್ದೆ.

ಕೊಯ್ತದ ಗಳಿಗೆ. ಎರಡು ಹಳಿ ಕೂಡಿ 2800, ಹಾಳೆ 2440. ಉಳಿದ 360ನ್ನು ಎರಡೂ ಕಡೆಗೆ ಹಂಚುತ್ತಾರೆ, ಗರಗಸ ಹಲಗೆಯನ್ನು ಮುಟ್ಟುವ ಮೊದಲೇ ಹಳಿಯ ಮೇಲೆ ಭದ್ರವಾಗಿ ಕೂತಿರಲಿ ಎಂದು. ಹಾಳೆಯ ಕೆಳಗೆ ಥರ್ಮೋಕೋಲ್. ಬ್ಲೇಡಿನ ಆಳ ಪ್ಲೈವುಡ್ಡಿನ 19 ಮಿಲಿಮೀಟರಿಗಿಂತ ಒಂದೆರಡು ಹೆಚ್ಚು. ಬಿಟ್ಟ ಆ ಒಂದು ಮಿಲಿಮೀಟರ್ ಸಂದಿನಲ್ಲಿ ರಬ್ಬರ್ ತುಟಿಯ ಒತ್ತು ಇರುವುದಿಲ್ಲವಲ್ಲ. ಅಲ್ಲಿ ಮಾತ್ರ ಹಲಗೆಗೆ ಎರಡು ಬೆರಳಗಲ ಮಾಸ್ಕಿಂಗ್ ಟೇಪ್. ಸ್ವಿಚ್ ಒತ್ತಿ, ಸದ್ದು ಏರಿ ನಿಲ್ಲುವವರೆಗೆ ಕಾದು, ಆಮೇಲೆ ಬ್ಲೇಡನ್ನು ಕೆಳಗಿಳಿಸುತ್ತಾರೆ. ತಳ್ಳುವುದೂ ಅಲ್ಲ, ಎಳೆಯುವುದೂ ಅಲ್ಲ. ಗರಗಸದ ಹಿಂದೆ ಹೆಜ್ಜೆ ಹಾಕಿದರು ಅನ್ನಬೇಕು. ನನ್ನ ಕಿವಿ ಪೂರ್ತಿ ಸೇರುವೆಯ ಮೇಲಿತ್ತು. ಗರಗಸದ ತಳ ಒಂದಡಿಯ ಆಸುಪಾಸು, ಸಂದು ಒಂದು ಮಿಲಿಮೀಟರ್; ದಾಟಿದ್ದು ಅದಕ್ಕೆ ಗೊತ್ತೇ ಆಗಲಿಲ್ಲ. ಡಿಸೆಂಬರ್ ಸಂಗೀತ ಕಚೇರಿಗಳಲ್ಲಿ ಒಳ್ಳೆಯ ಗಾಯಕರು ಉದ್ದದ ಸಂಗತಿಯ ನಡುವೆ ಉಸಿರು ತೆಗೆದುಕೊಳ್ಳುವುದು ಸಭೆಗೆ ತಿಳಿಯದು, ಇದೂ ಹಾಗೆಯೇ ಆಯಿತು. ಸದ್ದಿನ ಶ್ರುತಿ ಒಂದಿಷ್ಟೂ ಅಲುಗಲಿಲ್ಲ.

ಕೊಯ್ದ ಅಂಚಿನ ಮೇಲೆ ಬೆರಳಾಡಿಸಿದೆ. ಪ್ಲೈವುಡ್ಡಿನ ಪದರಗಳು ಅಡ್ಡಕ್ಕೊಂದು ಉದ್ದಕ್ಕೊಂದು, ಕಂದು, ಕೆನೆ, ಮತ್ತೆ ಕಂದು. ಎಂಟಡಿಯಲ್ಲಿ ಎಲ್ಲಿಯೂ ಬೆರಳು ತಡೆಯಲಿಲ್ಲ. ಹಳಿ ಸೇರಿದ್ದ ಜಾಗ ಯಾವುದೆಂದು ಅಂಚು ಬಾಯಿಬಿಡಲಿಲ್ಲ. ಮಿಸ್ತ್ರಿಗೆ ಬೆರಳಿನ ಸಾಕ್ಷಿ ಸಾಲದು. ಎರಡು ತುಂಡು ಕೊಯ್ದು, ಒಂದನ್ನು ಮಗುಚಿ, ಅಂಚು ಕೂಡಿಸಿ ಕಿಟಕಿಗೆ ಹಿಡಿದರು. ಮಗುಚಿದರೆ ತಪ್ಪು ಇಮ್ಮಡಿಯಾಗಿ ಕಾಣುತ್ತದೆ, ಹಾಗಾಗಿ ಈ ಪರೀಕ್ಷೆಗೆ ಯಾವ ಉಪಕರಣವೂ ಬೇಕಿಲ್ಲ. ಬೆಳಕು ಬರಲಿಲ್ಲ.

ತನ್ನನ್ನು ತಾನೇ ನೇರ ಮಾಡಿಕೊಳ್ಳುವ ಜೋಡಣೆ ಪಟ್ಟಿಗಳೂ ಈಗ ಬಂದಿವೆ. ಇಳಿಜಾರಾದ ಮೈ ತೋಡಿನೊಳಗೆ ಬೆಣೆಯಾಗಿ ಕೂತು ಎರಡು ಹಳಿಗಳನ್ನೂ ಒಂದೇ ಗೆರೆಗೆ ಎಳೆದುಕೊಳ್ಳುತ್ತದೆ. ಒಳ್ಳೆಯ ವಸ್ತು, ಕೆಲಸ ಬೇಗ ಮುಗಿಯುತ್ತದೆ. ಆದರೂ ರಸಮಟ್ಟ ಇಡದೆ ಕೊಯ್ಯುವವರನ್ನು ನಾನು ಪೂರ್ತಿ ನಂಬಲಾರೆ. ಇನ್ನು ಕಾರ್ಖಾನೆಯಲ್ಲಿ ಕಂಪ್ಯೂಟರೇ ಕೊಯ್ದು ಕಳಿಸುವ ಮಾಡ್ಯುಲರ್ ಕಪಾಟುಗಳ ಅಂಚು ಇದಕ್ಕಿಂತ ನೇರವಿರಬಹುದು. ಪುರಸೈವಾಕ್ಕಮಿನ ಗೋಡೆಗಳು ನೇರವಿಲ್ಲ ಎಂಬುದೇ ಅವುಗಳ ತೊಂದರೆ. ಮೇಲೆ ಅರ್ಧ ಇಂಚು ಹೆಚ್ಚು, ಕೆಳಗೆ ಕಾಲು ಇಂಚು ಕಡಿಮೆ ಇರುವ ಮೂಲೆಗೆ ಹಲಗೆಯನ್ನು ಓರೆಯಾಗಿಯೇ ಕೊಯ್ಯಬೇಕು, ಆ ಓರೆಯೂ ನೇರವಾಗಿರಬೇಕು. ಅದಕ್ಕೆ ಗರಗಸ ಮನೆಗೇ ಬರಬೇಕು.

ಮೂರು ಮೀಟರಿನ ಒಂದೇ ಹಳಿ ಸಿಗುತ್ತದೆ, ಕೂಡಿಸುವ ತಾಪತ್ರಯವೇ ಇರುವುದಿಲ್ಲ, ಅದನ್ನೇ ತಂದರಾಗದೇ ಎಂದು ಕೇಳಿದೆ. ಮಿಸ್ತ್ರಿ ಮೆಟ್ಟಿಲಿನ ಕಡೆಗೆ ಗದ್ದ ತಿರುಗಿಸಿದರು. ಹಾಳೆಯಾದರೆ ಒಮ್ಮೆ ಹತ್ತಿ ಬಂದರೆ ಆಯಿತು, ಹಳಿ ದಿನಾ ಹತ್ತಿ ಇಳಿಯಬೇಕು, ಒಂದು ಸಲ ತಿರುವಿನ ಗೋಡೆಗೆ ಬಡಿದು ಬಾಗಿದರೆ ಗುಜರಿಗೇ ಸೈ. 1400ರ ಹಳಿಯಾದರೆ ಆಟೋದ ಹಿಂದಿನ ಸೀಟಿಗೆ ಓರೆಯಾಗಿ ಕೂರುತ್ತದೆ. ಸಂಜೆ ಬಿಚ್ಚುವಾಗ ಅವರು ಒಂದು ಹಳಿಯ ಸ್ಕ್ರೂಗಳನ್ನು ಮಾತ್ರ ಸಡಿಲಿಸಿದರು. ಪಟ್ಟಿ ಇನ್ನೊಂದರಲ್ಲೇ ಉಳಿಯಿತು, ನಾಳೆ ಅರ್ಧ ಕೆಲಸ ಉಳಿಯಲೆಂದು. ಹೊರಗೆ ಚಾಚಿದ್ದ ಅದರ ತುದಿಗೆ ಬಟ್ಟೆ ಸುತ್ತಿ ರಬ್ಬರ್ ಬ್ಯಾಂಡ್ ಹಾಕಿ, ಹಳಿಗಳನ್ನು ಗೋಡೆಗೆ ಒರಗಿಸದೆ ನೆಲದಲ್ಲಿ ಬೆನ್ನ ಮೇಲೆ ಮಲಗಿಸಿ, ಲೆಕ್ಕದ ಪುಸ್ತಕ ತೆಗೆದು ನಾಳೆಗೆ ಬೇಕಾದ ಲ್ಯಾಮಿನೇಟಿನ ನಂಬರ್ ಬರೆಯತೊಡಗಿದರು.