ನತ್ಥನ ಸಾವಿಗೆ ಕಾದವರು

ಸುದ್ದಿವಾಹಿನಿಗಳನ್ನು ಹಳಿಯುವುದು ಸುಲಭ. ನೋಡುವವರನ್ನು ಹಳಿಯಲು ಎದೆಗಾರಿಕೆ ಬೇಕು. ಅನುಷಾ ರಿಜ್ವಿಯವರ ಹಿಂದೀ ಚಿತ್ರ ‘ಪೀಪ್ಲಿ ಲೈವ್’ಗೆ (2010) ಆ ಎದೆಗಾರಿಕೆ ಅರ್ಧದಷ್ಟು ಇದೆ.

ಸಾಲಕ್ಕೆ ಹೊಲ ಕಳೆದುಕೊಳ್ಳಲಿರುವ ನತ್ಥನೆಂಬ ರೈತ, ಸತ್ತರೆ ಪರಿಹಾರಧನ ಬರುವುದೆಂದು ಕೇಳಿ, ಅಣ್ಣ ಬುಧಿಯಾನ ಮಾತಿಗೆ ಕಟ್ಟುಬಿದ್ದು ಸಾಯಲು ಒಪ್ಪುತ್ತಾನೆ. ಸುದ್ದಿ ತಿಳಿದೊಡನೆ ವಾಹಿನಿಗಳ ದಂಡು ಹಳ್ಳಿಗೆ ಇಳಿಯುತ್ತದೆ, ಜಾತ್ರೆ ನೆರೆಯುತ್ತದೆ. ಅವನು ಬಹಿರ್ದೆಸೆಗೆ ಹೋದದ್ದೂ ಒಂದು ವಾರ್ತೆಯೇ! ನಾವು ನಗುತ್ತೇವೆ. ನಗುವಾಗಲೂ ‘ಇವನು ಸಾಯುವನೋ ಇಲ್ಲವೋ’ ಎಂಬ ಕುತೂಹಲ ನಮ್ಮನ್ನು ಕುರ್ಚಿಗೆ ಕಟ್ಟಿಹಾಕಿರುತ್ತದಲ್ಲ, ಅದು ಆ ಜಾತ್ರೆಯ ಕುತೂಹಲಕ್ಕಿಂತ ಯಾವುದರಲ್ಲಿ ಮೇಲು?

ಅದೇ ಊರಿನಲ್ಲಿ ಹೋರಿ ಮಹತೋ ಎಂಬ ಬಡಕಲು ಮೈಯವನು ಮಣ್ಣು ಅಗೆದು ಮಾರುತ್ತ, ಕಡೆಗೆ ತಾನು ತೋಡಿದ ಗುಂಡಿಯಲ್ಲಿಯೇ ಸತ್ತು ಬಿದ್ದಿರುತ್ತಾನೆ. ಪ್ರೇಮಚಂದರ ‘ಗೋದಾನ’ದ (1936) ನಾಯಕನ ಹೆಸರೂ ಹೋರಿಯೇ, ಅವನೂ ಕೂಲಿಯ ದುಡಿತದಲ್ಲಿಯೇ ಕುಸಿದು ಸತ್ತವನು. ಈ ಸಾವು ಸ್ಥಳೀಯ ವರದಿಗಾರ ರಾಕೇಶನನ್ನು ಕಾಡುತ್ತದೆ. ದಿಲ್ಲಿಯಿಂದ ಬಂದ ವರದಿಗಾರ್ತಿಗೆ ಅದು ಸುದ್ದಿಯಲ್ಲ.

ನನ್ನ ಆಕ್ಷೇಪವಿರುವುದು ಇಲ್ಲಿ. ಚಿತ್ರವೂ ಹೋರಿಗೆ ಕೊಟ್ಟಿರುವುದು ಕೆಲವೇ ನಿಮಿಷ, ಮಿಕ್ಕದ್ದೆಲ್ಲ ನತ್ಥನದು. ಆದರೆ ಇಡೀ ಚಿತ್ರ ಹೋರಿಯದೇ ಆಗಿದ್ದರೆ ನಾವು ಟಿಕೆಟ್ ಕೊಳ್ಳುತ್ತಿದ್ದೆವೇ?