ಕವಚದ ಕಥೆ, ಮಗ್ಗುಲಿನ ಆರೈಕೆ

ವಡ್ಡಾರಾಧನೆಯನ್ನು ಪಾಠ ಹೇಳುವ ನಾವು ಸಾಮಾನ್ಯವಾಗಿ ಅದರ ಗದ್ಯದ ಪ್ರಾಚೀನತೆಯನ್ನೂ, ಘೋರೋಪಸರ್ಗಗಳನ್ನು ಸಹಿಸಿದ ಮುನಿಗಳ ಧೈರ್ಯವನ್ನೂ ಎತ್ತಿ ಹೇಳಿ ಮುಂದೆ ಸಾಗುತ್ತೇವೆ. ಡಿ. ಎಲ್. ನರಸಿಂಹಾಚಾರ್ಯರ ಸಂಪಾದನೆ ೧೯೪೯ರಲ್ಲಿ ಹೊರಬಂದ ಮೇಲೆ ಕರ್ತೃ, ಕಾಲ, ಹೆಸರುಗಳ ಕುರಿತು ಚರ್ಚೆ ಸಾಕಷ್ಟು ನಡೆದಿದೆ. ಆದರೆ ಈ ೧೯ ಕಥೆಗಳನ್ನು ಯಾರು, ಯಾರಿಗೆ, ಎಂತಹ ಹೊತ್ತಿನಲ್ಲಿ ಹೇಳುತ್ತಿದ್ದರು ಎಂಬ ಪ್ರಶ್ನೆ ಹಿಂದೆ ಸರಿದಿದೆ. ಅದನ್ನೇ ಇಲ್ಲಿ ಪರಿಶೀಲಿಸಲು ಉದ್ದೇಶಿಸಿದ್ದೇವೆ.

ಕಥೆಗಳ ತಲೆಯಲ್ಲಿರುವ ಗಾಹೆಗಳು ಶಿವಾರ್ಯನ ಪ್ರಾಕೃತ ಭಗವತೀ ಆರಾಧನೆಯ 'ಕವಚ' ಪ್ರಕರಣಕ್ಕೆ ಸೇರಿದವು. ಸಲ್ಲೇಖನವನ್ನು ಕೈಕೊಂಡು ಹಾಸಿಗೆ ಹಿಡಿದ ಕ್ಷಪಕನು ವೇದನೆಯಿಂದ ಕದಡಿದಾಗ ಅವನ ಬಳಿಯಿದ್ದ ನಿರ್ಯಾಪಕನು ತೊಡಿಸುವ ಮಾತಿನ ಕವಚವದು. ಸುಕುಮಾರಸ್ವಾಮಿಯನ್ನು ನರಿ ತನ್ನ ಮರಿಗಳೊಡನೆ ತಿನ್ನುವಾಗ ಅವನ ಮಗ್ಗುಲಲ್ಲಿ ಯಾರೂ ಇಲ್ಲ. ಆ ಕಥೆಯನ್ನು ಕೇಳುವವನ ಮಗ್ಗುಲಲ್ಲಾದರೋ ೪೮ ಮಂದಿ ಇರಬೇಕೆಂದು ಗ್ರಂಥದ ವಿಧಿ. ಕನ್ನಡ ಕೃತಿ ಕಥೆಯನ್ನು ಉಳಿಸಿಕೊಂಡು ಹಾಸಿಗೆಯನ್ನು ಬಿಟ್ಟಿತು. ವಿಮರ್ಶಕರು ಅದನ್ನೇ ಅನುಸರಿಸಿ, ಆರೈಕೆಯಿಲ್ಲದ ಸಹನೆಯೇ ಈ ಪರಂಪರೆಯ ಆದರ್ಶವೆಂದು ತಿಳಿದರು. ಇದು ಸರಿಯಲ್ಲ. ತನ್ನ ಸೇವೆಯನ್ನೂ ಪರರ ಸೇವೆಯನ್ನೂ ಒಲ್ಲದ ಪ್ರಾಯೋಪಗಮನವು ವಜ್ರದಂತಹ ಮೈಕಟ್ಟಿನವರಿಗೆ. ಸುಕುಮಾರಸ್ವಾಮಿಯದು ಆ ದಾರಿ. ಉಳಿದವರಿಗೆ ಪರರ ಸೇವೆಯನ್ನು ಒಪ್ಪುವ ಭಕ್ತಪ್ರತ್ಯಾಖ್ಯಾನವನ್ನು ಶಿವಾರ್ಯನು ವಿಸ್ತರಿಸಿ ಹೇಳುತ್ತಾನೆ.

ಆ ವಿಸ್ತಾರ ಗಮನಾರ್ಹವಾದುದು. ನಾಲ್ವರು ಕ್ಷಪಕನನ್ನು ಎಬ್ಬಿಸಿ ಕೂರಿಸುವುದಕ್ಕೆ, ಮಲಗಿಸುವುದಕ್ಕೆ, ಮೈ ನೇವರಿಸುವುದಕ್ಕೆ, ಮಗ್ಗುಲು ಬದಲಿಸುವುದಕ್ಕೆ. ನಾಲ್ವರು ಮಲಮೂತ್ರಗಳನ್ನು ತೆಗೆದು ಹಾಸಿಗೆಯನ್ನು ಶುಚಿಗೊಳಿಸುವುದಕ್ಕೆ. ನಾಲ್ವರು ರಾತ್ರಿಯ ಎಚ್ಚರಕ್ಕೆ. ಆಹಾರಕ್ಕೆ, ಪಾನಕ್ಕೆ, ಬಾಗಿಲಿಗೆ, ಧರ್ಮಕಥೆಗೆ ಬೇರೆ ಬೇರೆ ನಾಲ್ವರು. ಹಾಸಿಗೆ ಹುಲ್ಲಿನದಾದರೆ ಗಂಟಿಲ್ಲದೆ ಮೃದುವಾಗಿರಬೇಕು. ಕಲ್ಲಿನದಾದರೆ ಬಿರುಕಿಲ್ಲದೆ, ಅಲುಗದೆ, ಸಮತಲವಾಗಿರಬೇಕು. (ಶಹಾಬಾದ ಕಲ್ಲಿನ ನಾಡಿನವರಿಗೆ ಈ ಲಕ್ಷಣವನ್ನು ವಿವರಿಸಬೇಕಾಗಿಲ್ಲ.) ಇಷ್ಟು ಜನ ದೊರೆಯದಿದ್ದರೆ ಸಂಖ್ಯೆಯನ್ನು ಇಳಿಸಬಹುದು, ಆದರೆ ಇಬ್ಬರಿಗಿಂತ ಕಡಿಮೆ ಕೂಡದು. ಒಬ್ಬನೇ ಇದ್ದರೆ ಅವನು ಭಿಕ್ಷೆಗೆ ಹೋದಾಗ ಕ್ಷಪಕನನ್ನು ತೊರೆದಂತೆ. ಹೋಗದಿದ್ದರೆ ತನ್ನನ್ನೇ ತೊರೆದಂತೆ.

ಇಂದಿನ ಶುಶ್ರೂಷಾಶಾಸ್ತ್ರವನ್ನು ಇದರ ಪಕ್ಕದಲ್ಲಿಟ್ಟು ನೋಡೋಣ. ಚಲನೆಯಿಲ್ಲದ ರೋಗಿಯ ತ್ರಿಕಾಸ್ಥಿ, ಸೊಂಟದ ಮೂಳೆ, ಹಿಮ್ಮಡಿಗಳ ಮೇಲೆ, ಎಲುಬಿಗೂ ಹಾಸಿಗೆಗೂ ನಡುವೆ ಸಿಕ್ಕಿದ ಮಾಂಸಕ್ಕೆ ರಕ್ತ ಹರಿಯದೆ ಹುಣ್ಣಾಗುತ್ತದೆ. ಶ್ವಾಸಕೋಶದಲ್ಲಿ ಕಫ ನಿಲ್ಲುತ್ತದೆ. ಮೀನಖಂಡದ ರಕ್ತನಾಳದಲ್ಲಿ ಹೆಪ್ಪು ಕಟ್ಟುತ್ತದೆ. ಕೀಲು ಬಿಗಿಯುತ್ತದೆ, ಪಾದ ಜೋಲುತ್ತದೆ. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುವುದು ಹಳೆಯ ರೂಢಿ. ಈಗ ರೋಗಿಯ ಚರ್ಮವನ್ನೂ ಹಾಸಿಗೆಯನ್ನೂ ನೋಡಿ ಅವಧಿಯನ್ನು ಗೊತ್ತುಮಾಡುತ್ತಾರೆ. ಎಳೆದು ಸರಿಸದೆ ಎತ್ತಿ ಸರಿಸಬೇಕು, ತೇವವಿರಕೂಡದು. ಒಂದು ಕಡೆ ಮಾತ್ರ ಹಳೆಯ ಗ್ರಂಥದಿಂದ ದೂರ ಸರಿಯಬೇಕಾಗುತ್ತದೆ: ಒತ್ತಿದರೂ ಮಾಯದೆ ಕೆಂಪಾಗಿ ಉಳಿದ ಚರ್ಮವನ್ನು ಉಜ್ಜಬಾರದು, ಒಳಗಿನ ಮಾಂಸ ಮತ್ತಷ್ಟು ಕೆಡುತ್ತದೆ. ನಿರ್ಯಾಪಕನ ಗುರಿ ಸಮಾಧಿಮರಣ, ದಾದಿಯ ಗುರಿ ಚೇತರಿಕೆ ಎಂಬ ಭೇದವನ್ನೂ ಮರೆಯುವಂತಿಲ್ಲ. ಆದರೂ ಕೈಗಳು ಮಾಡುವ ಕೆಲಸ ಬಹುಮಟ್ಟಿಗೆ ಒಂದೇ.

ಈ ಪ್ರಶ್ನೆ ನಮಗೆ ಹೊಳೆದದ್ದು ಗ್ರಂಥದಿಂದಲ್ಲ, ವಿದ್ಯಾರ್ಥಿಗಳಿಂದ. ಚಿಂಚೋಳಿ, ಸೇಡಂ, ಚಿತ್ತಾಪುರಗಳ ಹಳ್ಳಿಗಳಿಂದ, ವಾಡಿ ಶಹಾಬಾದಗಳ ಸಿಮೆಂಟು ಕಾರ್ಖಾನೆ ಕಲ್ಲುಗಣಿಗಳ ಬದಿಯಿಂದ ಬರುವವರಲ್ಲಿ, ಬೆನ್ನುಹುರಿಗೆ ಪೆಟ್ಟಾದ ತಂದೆಯನ್ನೋ ಪಾರ್ಶ್ವವಾಯು ಬಡಿದ ಅಜ್ಜಿಯನ್ನೋ ಆಸ್ಪತ್ರೆಯಲ್ಲಿ ಕಾದವರು ಇದ್ದಾರೆ. ಹಾಗೆ ಕಾದವರು ಬಹುಶಃ ಒಬ್ಬರೇ. ಭಾರತೀಯ ಶುಶ್ರೂಷಾ ಪರಿಷತ್ತು ಸಾಮಾನ್ಯ ಆಸ್ಪತ್ರೆಯಲ್ಲಿ ಐವರು ರೋಗಿಗಳಿಗೆ ಒಬ್ಬ ದಾದಿ ಇರಬೇಕೆಂದು ಹೇಳುತ್ತದೆ. ಮಗ್ಗುಲು ಬದಲಿಸುವುದಕ್ಕಾದರೋ ಇಬ್ಬರ ಕೈ ಬೇಕು. ಆಗ ಹೊರೆ ಬೀಳುವುದು ಮಂಚದ ಕೆಳಗೆ ಚಾಪೆ ಹಾಸಿಕೊಂಡ ಬಂಧುವಿನ ಮೇಲೆ. ಅವಳು ಔಷಧಕ್ಕೋ ಊಟಕ್ಕೋ ಹೊರಗೆ ಹೋದರೆ ಶಿವಾರ್ಯನ ಎರಡನೆಯ ನಿರ್ಯಾಪಕ ಅಲ್ಲಿಲ್ಲ. ಚಿತ್ತಾಪುರದ ಹತ್ತಿರದ ನಾಗಾವಿಯ ೧೦೫೮ರ ಶಾಸನವು ಘಟಿಕಾಸ್ಥಾನದ ವಿದ್ಯಾರ್ಥಿಗಳೊಡನೆ ಪುಸ್ತಕ ಕಾಯುವ ಆರು ಮಂದಿ ಸರಸ್ವತೀಭಾಂಡಾರಿಗರನ್ನೂ ಎಣಿಸಿ ಹೇಳಿದೆ. ಕೆಲಸಕ್ಕೆ ಕೈಯೆಷ್ಟು ಬೇಕೆಂದು ಲೆಕ್ಕವಿಡುವುದು ಈ ನೆಲಕ್ಕೆ ಹೊಸತೇನಲ್ಲ.

ಇಲ್ಲಿಂದ ಭದ್ರಬಾಹುಭಟಾರರ ಕಥೆಗೆ ಮರಳಿದರೆ ಅದು ಬೇರೆಯಾಗಿ ಕಾಣುತ್ತದೆ. ಕಳ್ವಪ್ಪಿನಲ್ಲಿ ಸಂನ್ಯಸನಗೆಯ್ದ ಗುರುವಿನ ಬಳಿ ಉಳಿದವನು ಸಂಪ್ರತಿಚಂದ್ರಗುಪ್ತನೊಬ್ಬನೇ. ಗುರುವಿನ ಮಾತಿನಂತೆ ಅವನು ಕಾಂತಾರಭಿಕ್ಷೆಗೆ ಹೋಗುತ್ತಾನೆ. ಕವಿ ಅವನೊಡನೆ ಅಡವಿಗೆ ನಡೆದು, ಅಲ್ಲಿ ದೊರೆತ ಭಿಕ್ಷೆಯ ಯೋಗ್ಯಾಯೋಗ್ಯತೆಯನ್ನು ಸೂಕ್ಷ್ಮವಾಗಿ ವಿಚಾರಿಸುತ್ತಾನೆ. ಶಿಷ್ಯನು ಮರಳುವವರೆಗೆ ಗುರುವಿನ ಮಗ್ಗುಲನ್ನು ಬದಲಿಸಿದವರು ಯಾರೆಂದು ಕಥೆ ಕೇಳುವುದಿಲ್ಲ. ಇಷ್ಟು ವರ್ಷ ಅದನ್ನು ಓದಿಸಿದ ನಾವೂ ಕೇಳಿರಲಿಲ್ಲ.