‘ದಿ ಶ್ಯಾಕ್’: ಶೋಕವೂ ವಿಶ್ವಾಸವೂ

ಮಗಳನ್ನು ಕಳೆದುಕೊಂಡ ತಂದೆಯ ಮುಂದೆ ದೇವರ ಕರುಣೆಯ ಮಾತೆತ್ತುವುದು ಎಷ್ಟು ಕಠಿಣವೆಂಬುದನ್ನು ವಾಚಕರು ಬಲ್ಲರು. ಕೆನಡಾ ಮೂಲದ ಲೇಖಕ ವಿಲಿಯಂ ಪಾಲ್ ಯಂಗ್ ಅವರು ‘ದಿ ಶ್ಯಾಕ್’ ಎಂಬ ಕ್ರೈಸ್ತ ಕಾದಂಬರಿಯಲ್ಲಿ ಆ ಕಾರ್ಯಕ್ಕೇ ಕೈಹಾಕಿದ್ದಾರೆ. ತಮ್ಮ ಮಕ್ಕಳಿಗಾಗಿ ಬರೆದು ಮೊದಲು 15 ಪ್ರತಿಗಳನ್ನಷ್ಟೇ ಮಾಡಿಸಿದ್ದ ಈ ಕೃತಿ 2007ರಲ್ಲಿ ಪ್ರಕಟವಾಗಿ, ಕೋಟಿಗೂ ಮಿಕ್ಕು ಪ್ರತಿಗಳು ಮಾರಾಟವಾದವು. ಜನಪ್ರಿಯತೆಯೇ ಗುಣಕ್ಕೆ ಪ್ರಮಾಣವಲ್ಲವಾದರೂ ಅದನ್ನು ತಳ್ಳಿಹಾಕುವಂತೆಯೂ ಇಲ್ಲ.

ಅಮೆರಿಕದ ಒರೆಗಾನ್ ರಾಜ್ಯದ ವಲ್ಲೋವಾ ಸರೋವರದ ಬಳಿ ಮ್ಯಾಕ್ ತನ್ನ ಐವರು ಮಕ್ಕಳಲ್ಲಿ ಮೂವರೊಡನೆ ಬಿಡಾರ ಹೂಡಿದ್ದಾನೆ. ಮಗಳು ಕೇಟ್ ದೋಣಿಯಿಂದ ತಂದೆಗೆ ಸನ್ನೆ ಮಾಡಹೋಗಿ ದೋಣಿ ಮಗುಚುತ್ತದೆ. ಮುಳುಗುತ್ತಿರುವ ಮಗನನ್ನು ಉಳಿಸಲು ಮ್ಯಾಕ್ ಓಡಿದ ಆ ಹೊತ್ತಿನಲ್ಲೇ ಕಿರಿಯವಳಾದ ಮಿಸ್ಸಿಯ ಅಪಹರಣವಾಗುತ್ತದೆ. ಕಾಡಿನ ಹಾಳು ಗುಡಿಸಲಲ್ಲಿ ದೊರೆಯುವುದು ರಕ್ತಸಿಕ್ತವಾದ ಆಕೆಯ ಕೆಂಪು ಉಡುಪು ಮಾತ್ರ. ಇಲ್ಲಿಯವರೆಗೆ ಕಥನದ ಬಿಗಿ ಎಲ್ಲಿಯೂ ಸಡಿಲುವುದಿಲ್ಲ.

ವರ್ಷಗಳ ತರುವಾಯ ‘ಪಾಪಾ’ ಎಂಬ ಸಹಿಯುಳ್ಳ ಚೀಟಿಯೊಂದು ಮ್ಯಾಕ್‌ನನ್ನು ಅದೇ ಗುಡಿಸಲಿಗೆ ಕರೆಯುತ್ತದೆ. ಅಲ್ಲಿ ದೇವರು ಅಡಿಗೆಮನೆಯಲ್ಲಿ ದುಡಿಯುವ ಕಪ್ಪುವರ್ಣದ ಸ್ತ್ರೀಯಾಗಿ ಎದುರಾಗುತ್ತಾನೆ! ಕೆಲವು ಕ್ರೈಸ್ತ ಪಂಡಿತರು ಇದನ್ನು ಆಕ್ಷೇಪಿಸಿದರು. ನಮಗಾದರೋ ಇದು ಕೃತಿಯ ಅತ್ಯಂತ ಔಚಿತ್ಯಪೂರ್ಣ ಕಲ್ಪನೆಯಾಗಿ ತೋರುತ್ತದೆ. ಕುಡುಕ ತಂದೆಯ ಹೊಡೆತ ತಿಂದು ಬೆಳೆದವನು ‘ತಂದೆ’ ಎಂಬ ರೂಪವನ್ನು ಹೇಗೆ ನಂಬಿಯಾನು?

ದೋಷವಿರುವುದು ಬೇರೆಡೆ. ಗುಡಿಸಲನ್ನು ಹೊಕ್ಕೊಡನೆ ಕಥೆ ನಿಂತು ಉಪದೇಶ ಮೊದಲಾಗುತ್ತದೆ. ಮ್ಯಾಕ್ ಪ್ರಶ್ನೆಯನ್ನು ಮುಗಿಸುವಷ್ಟರಲ್ಲಿ ಉತ್ತರ ಸಿದ್ಧ. ಮಗುವಿನ ಕೊಲೆಯಂತಹ ಘೋರಕ್ಕೆ ಅಷ್ಟು ಸರಾಗವಾದ ಉತ್ತರ ದೊರೆತರೆ ಓದುಗನಿಗೆ ಸಮಾಧಾನವಾಗದು, ಸಂಶಯವೇ ಹುಟ್ಟುವುದು. ಒಂದು ಪ್ರಸಂಗ ಮಾತ್ರ ಇದಕ್ಕೆ ಹೊರತು. ನಿನ್ನ ಐವರು ಮಕ್ಕಳಲ್ಲಿ ಇಬ್ಬರನ್ನು ಸ್ವರ್ಗಕ್ಕೂ ಮೂವರನ್ನು ನರಕಕ್ಕೂ ಆರಿಸೆಂದು ಜ್ಞಾನದೇವತೆ ಆಜ್ಞಾಪಿಸಿದಾಗ, ಅವರ ಬದಲು ತನ್ನನ್ನೇ ನರಕಕ್ಕೆ ಕಳುಹಿಸೆಂದು ಮ್ಯಾಕ್ ಬೇಡುತ್ತಾನೆ. ದೀರ್ಘ ಸಂಭಾಷಣೆಗಳು ಸಾಧಿಸದ್ದನ್ನು ಈ ಒಂದು ಬೇಡಿಕೆ ಸಾಧಿಸಿದೆ.

ವಿಮರ್ಶಕರು ಅಷ್ಟಾಗಿ ಗಮನಿಸದ ಪಾತ್ರ ಕೇಟ್. ತನ್ನಿಂದಲೇ ತಂಗಿ ಸತ್ತಳೆಂಬ ಭಾರವನ್ನು ಯಾರಿಗೂ ಹೇಳದೆ ಹೊತ್ತು, ಆ ಹುಡುಗಿ ಮನೆಯೊಳಗಿದ್ದೂ ದೂರವಾಗಿಬಿಟ್ಟಿದ್ದಾಳೆ. ವಿಶ್ವಾಸ ಮುರಿದುದು ದೇವರಿಗೂ ಮ್ಯಾಕ್‌ನಿಗೂ ನಡುವೆ ಮಾತ್ರವಲ್ಲ, ತಂದೆಗೂ ಉಳಿದ ಮಗಳಿಗೂ ನಡುವೆ. ಲೇಖಕರು ಇವಳಿಗೆ ಇನ್ನಷ್ಟು ಪುಟಗಳನ್ನು ಕೊಟ್ಟಿದ್ದರೆ! ಕೊನೆಯಲ್ಲಿ, ವಾಹನ ಅಪಘಾತದಲ್ಲಿ ಗಾಯಗೊಂಡು ಆಸ್ಪತ್ರೆಯಲ್ಲಿ ಮಲಗಿರುವ ಮ್ಯಾಕ್ ಆಕೆಯನ್ನು ಬಳಿಗೆ ಕರೆದು, ತಪ್ಪು ನಿನ್ನದಲ್ಲವೆನ್ನುತ್ತಾನೆ. ಅಷ್ಟು ಕಾಲ ಅದುಮಿಟ್ಟ ಅಳು ಆಗ ಹೊರಬರುತ್ತದೆ.